ಮೂರನೆಯದು ಸ್ವಲ್ಪ ಬೇರೆ ಕಂದು

ನವೆಂಬರ್ 4, ಮಂಗಳವಾರ

ಒಸಾಕಾಕ್ಕೆ ಬಂದು ಇಂದಿಗೆ ಒಂದು ವಾರ. ಈ ಊರಿನವರಿಗೆ ಮಾತಾಡಲು ಕಾರಣವೇ ಬೇಕಿಲ್ಲ. ಬೆಳಿಗ್ಗೆ ಮನೆಯ ಕೆಳಗಿನ ತರಕಾರಿ ಅಂಗಡಿಯಲ್ಲಿ ಮೂಲಂಗಿ ಕೊಂಡೆ. ಅಂಗಡಿಯಾಕೆ ಮುನ್ನೂರು ಯೆನ್ ಚಿಲ್ಲರೆಯನ್ನು ಕೈಗಿಡುತ್ತಾ "ತಗೋರಿ, ಮೂವತ್ತು ಲಕ್ಷ" ಅಂದಳು. ನಾನು ಎಣಿಸಿ ನೋಡಿ, ಇದು ಮುನ್ನೂರು ಮಾತ್ರ ಎಂದು ವಿನಯದಿಂದಲೇ ತಿಳಿಸಿದೆ. ಅವಳ ಮುಖ ಇಳಿದುಹೋಯಿತು. ಲೆಕ್ಕ ಬಾರದವರನ್ನು ಗಲ್ಲಾದ ಮೇಲೆ ಯಾಕೆ ಕೂರಿಸುತ್ತಾರೋ ತಿಳಿಯದು.

ನಮ್ಮ ಜಾಹೀರಾತು ಸಂಸ್ಥೆಯ ಒಸಾಕಾ ಶಾಖೆಯಲ್ಲಿರುವುದು ನಾಲ್ಕೇ ಮಂದಿ. ಇಲ್ಲಿ ನಗೆ ಜಾಹೀರಾತು ಬರೆಯುತ್ತಿದ್ದವನು ಹೊಟ್ಟೆಹುಣ್ಣಾಗಿ ಆಸ್ಪತ್ರೆ ಸೇರಿದ್ದಾನೆ. ಅವನ ಜಾಗಕ್ಕೆ ಟೋಕಿಯೊದಿಂದ ನನ್ನನ್ನು ಕಳಿಸಿದ್ದಾರೆ, ಹೆಂಡತಿಯನ್ನು ಅಲ್ಲೇ ಬಿಟ್ಟು ಆರು ತಿಂಗಳ ಮಟ್ಟಿಗೆ. ಇಪ್ಪತ್ತೆರಡು ವರ್ಷ ನಾನು ಬರೆದದ್ದು ಜೀವವಿಮೆ ಮತ್ತು ರಕ್ತದೊತ್ತಡದ ಮಾತ್ರೆಗಳ ಬಗ್ಗೆ. ನೆಮ್ಮದಿ, ಭರವಸೆ, ನಾಳೆ - ಈ ಮೂರು ಪದಗಳಿಂದಲೇ ನಮ್ಮ ಮನೆಯ ಒಲೆ ಉರಿದಿದೆ.

ಶಾಖೆಯ ಮುಖ್ಯಸ್ಥೆ ಇನುಕಾಯ್ ಅವರಿಗೆ ಐವತ್ತು ದಾಟಿದೆ. ಕಾಗದದಿಂದ ತಲೆ ಎತ್ತದೆಯೇ ಮಾತಾಡುತ್ತಾರೆ. "ನೀವು ಬರದಿದ್ದು ಓದೀನ್ರಿ ಹಸೆಬೆ ಅವರ. ಓದಿ ಮುಗಸೂದರಾಗ ಒಂದು ವಿಮಾ ಮಾಡಿಸಬೇಕು ಅನಸ್ತು. ಜನಕ್ಕ ಅಷ್ಟು ಹೆದರಿಕಿ ಹುಟ್ಟಸವ್ರು ನಗಸೂದೂ ಕಲೀಬಹುದು." ಇದು ಹೊಗಳಿಕೆಯೋ ಏನೋ ಗೊತ್ತಾಗಲಿಲ್ಲ. ಧನ್ಯವಾದ ಹೇಳಿದೆ.

ಸಂಜೆ ಹೆಂಡತಿ ಸಾಯೊಗೆ ಫೋನ್ ಮಾಡಿದೆ. ಹವೆ, ಗ್ಯಾಸ್ ಬಿಲ್ಲು. ಮೂರು ನಿಮಿಷ.

ನವೆಂಬರ್ 6, ಗುರುವಾರ

ನನ್ನ ಪಾಲಿಗೆ ಬಂದ ಗಿರಾಕಿ ತೊಮೊಬುಚಿ ಹೆಣಿಗೆ ಕಾರ್ಖಾನೆ. ಮಾಡುವುದು ಒಂದೇ ಸಾಮಾನು, ಹೊಟ್ಟೆಪಟ್ಟಿ. ನಮ್ಮಜ್ಜ ಶೀತ ಬರುವುದೇ ಹೊಟ್ಟೆಯ ದಾರಿಯಲ್ಲಿ ಎಂದು ನಂಬಿ ಅಂಗಿಯೊಳಗೆ ತೊಡುತ್ತಿದ್ದ ಉಣ್ಣೆಯ ಕೊಳವೆ ಇದೆಯಲ್ಲ, ಅದೇ. ಇಂದಿಗೂ ಅದನ್ನು ಮಾಡುತ್ತಾರೆಂದು ನನಗೆ ತಿಳಿದಿರಲಿಲ್ಲ.

ಯಜಮಾನರಿಗೆ ಎಪ್ಪತ್ತೊಂದು. ಕೆಲಸದವರು ಹನ್ನೊಂದು ಮಂದಿ, ಅವರಲ್ಲಿ ಎಲ್ಲರಿಗಿಂತ ಕಿರಿಯಳಿಗೆ ಐವತ್ತೆಂಟು. ಯಜಮಾನರು ವಿಷಯವನ್ನು ನೇರವಾಗಿ ಹೇಳಿದರು. ಹೋದ ಚಳಿಗಾಲದಲ್ಲಿ ಮಾರಾಟವಾದದ್ದು ಒಂಬೈನೂರು ಪಟ್ಟಿ. ಈ ಸಲ ಜನವರಿ ಮೂವತ್ತೊಂದರೊಳಗೆ ಮೂರು ಸಾವಿರ ಹೋದರೆ ಕಾರ್ಖಾನೆ ಉಳಿಯುತ್ತದೆ. ಇಲ್ಲವಾದರೆ ಫೆಬ್ರವರಿ ಒಂದಕ್ಕೆ ಆರೂ ಯಂತ್ರಗಳು ಗುಜರಿಗೆ, ಹನ್ನೊಂದು ಮಂದಿ ಮನೆಗೆ. ಜಾಹೀರಾತು ತಮಾಷೆಯಾಗಿರಲಿ ಎಂದು ಯಾರೋ ಸಲಹೆ ಕೊಟ್ಟರಂತೆ. ಸ್ವತಃ ಅವರಿಗೆ ತಮಾಷೆ ಬರುವುದಿಲ್ಲವಂತೆ. ನನಗೂ ಬರುವುದಿಲ್ಲ ಎನ್ನುವುದನ್ನು ನಾನು ಹೇಳಲಿಲ್ಲ.

ವಾಡಿಕೆಯ ಪ್ರಶ್ನೆಗಳನ್ನೆಲ್ಲ ಕೇಳಿ ಉತ್ತರಗಳನ್ನು ಬರೆದುಕೊಂಡೆ. ಎಷ್ಟು ಬಣ್ಣಗಳಿವೆ? ಮೂರು: ಕಂದು, ಕಂದು, ಸ್ವಲ್ಪ ಬೇರೆ ಕಂದು. ವಿನ್ಯಾಸ ಯಾವಾಗ ಬದಲಾಯಿತು? ಅರವತ್ತೆರಡು ವರ್ಷಗಳಿಂದ ಬದಲಾಗಿಲ್ಲ, ಬದಲಾಯಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಇದರಿಂದ ಏನೂ ಹುಟ್ಟುವಂತಿಲ್ಲ.

ನವೆಂಬರ್ 9, ಭಾನುವಾರ

ನಗೆಯ ಬಗ್ಗೆ ಮೂರು ಪುಸ್ತಕ ತಂದು ಓದಿದೆ. ನಿಯಮಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಒಟ್ಟು ಹದಿನೇಳು. ನಗು ಬರಲಿಲ್ಲ. ಆದರೆ ಹಿಡಿತಕ್ಕೆ ಸಿಕ್ಕಿದೆ.

ನವೆಂಬರ್ 17, ಸೋಮವಾರ

ರೈಲುಡಬ್ಬಿಗಳಲ್ಲಿ ನನ್ನ ಮೊದಲ ಪೋಸ್ಟರ್ ತೂಗುಬಿದ್ದಿದೆ. ಡೊಳ್ಳುಹೊಟ್ಟೆಯ ಮುದುಕನೊಬ್ಬ ಬಾಯಿ ತೆರೆದು ಮಲಗಿರುವ ಚಿತ್ರ. ಕೆಳಗೆ: "ಇಂಥ ಹೊಟ್ಟೆಯನ್ನು ಅಪ್ಪಿಕೊಳ್ಳುವವರು ಯಾರೂ ಇಲ್ಲ. ನಾವಿದ್ದೇವೆ. ತೊಮೊಬುಚಿ ಹೊಟ್ಟೆಪಟ್ಟಿ."

ನಿಯಮ ನಾಲ್ಕು, ಒಂಬತ್ತು ಮತ್ತು ಹನ್ನೆರಡು ಇದರಲ್ಲಿವೆ. ಬೆಳಿಗ್ಗೆ ಡಬ್ಬಿಯಲ್ಲಿ ಜನರನ್ನು ಗಮನಿಸಿದೆ. ಓದಿದರು, ತುಟಿಯಂಚಿನಲ್ಲಿ ನಕ್ಕರು, ಮತ್ತೆ ನಿದ್ದೆಗೆ ಬಿದ್ದರು. ಇನುಕಾಯ್ ಅವರು "ಜಾಣತನ ಐತಿ" ಅಂದರು. ಈ ಊರಿನಲ್ಲಿ ಅದು ಬೈಗುಳವಿರಬೇಕೆಂದು ಈಗ ಅನಿಸುತ್ತಿದೆ.

ನವೆಂಬರ್ 27, ಗುರುವಾರ

ಹತ್ತು ದಿನಕ್ಕೆ ಎಂಬತ್ತೆಂಟು ಪಟ್ಟಿ. ಅದೂ ಚಳಿ ಹೆಚ್ಚಿದ್ದರಿಂದ.

ಇಂದು ಕಾರ್ಖಾನೆಗೆ ಒಂದು ಕಾಗದ ಬಂತು. ಬರೆದವರು ತೊಕಿಕೊ ಮಿನೊಬೆ ಎಂಬ ಹೆಂಗಸು. ಗಂಡ ಮೂವತ್ತನಾಲ್ಕು ವರ್ಷ ತೊಮೊಬುಚಿ ಪಟ್ಟಿ ತೊಟ್ಟು, ಕಳೆದ ಸೆಪ್ಟೆಂಬರಿನಲ್ಲಿ ತೀರಿಕೊಂಡರಂತೆ. ಪಟ್ಟಿಯೊಂದಿಗೇ ದಹನ ಮಾಡಿಸಿದರಂತೆ. ಕೊನೆಗೆ ಎರಡೇ ಸಾಲು: "ನಿಮ್ಮ ಜಾಹೀರಾತಿನಲ್ಲಿ ಒಂದು ತಪ್ಪಿದೆ. ನಾನಿದ್ದೆ."

ಯಜಮಾನರು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಎರಡು ಸಲ ಓದಿದೆ.

ಡಿಸೆಂಬರ್ 2, ಮಂಗಳವಾರ

ಯಜಮಾನರೂ ನಾನೂ ಮಿನೊಬೆ ಅವರ ಮನೆಗೆ ಕ್ಷಮೆ ಕೇಳಲು ಹೋಗಿ ಬಂದೆವು.

ಕ್ಷಮೆ ಕೇಳಲು ಹೋಗುವಾಗ ಕೈಯಲ್ಲಿ ಅಲಸಂದೆಯ ಪಾಕದ ಯೋಕಾನ್ ಮಿಠಾಯಿ ಇರಬೇಕು. ಕೊಡುವಾಗ ಕೈ ಜಗ್ಗುವಷ್ಟು ಭಾರವಿರಬೇಕು. ಹಗುರವಾದ ಬಿಸ್ಕತ್ತು ಒಯ್ದರೆ ತಪ್ಪನ್ನೂ ಹಗುರವಾಗಿ ಕಂಡಂತೆ. ಇನುಕಾಯ್ ಅವರು ಅಂಗಡಿಯಲ್ಲೇ ಪೆಟ್ಟಿಗೆಗಳನ್ನು ಎತ್ತಿ ಎತ್ತಿ ನೋಡಿ ಎಲ್ಲಕ್ಕಿಂತ ತೂಕದ್ದನ್ನು ಆರಿಸಿಕೊಟ್ಟಿದ್ದರು. ಮಿನೊಬೆ ಅವರ ಬಾಗಿಲಲ್ಲಿ ನೋಡಿದರೆ ಯಜಮಾನರ ಕೈಯಲ್ಲೂ ಅಂಥದ್ದೇ ಪೆಟ್ಟಿಗೆ.

ಒಳಗೆ ಚಾಪೆಗೆ ಹಣೆ ಹಚ್ಚಿ ಇಬ್ಬರೂ ಬಗ್ಗಿದೆವು. ನಾನು ಸಿದ್ಧಪಡಿಸಿಕೊಂಡಿದ್ದ ನಾಲ್ಕು ವಾಕ್ಯಗಳಲ್ಲಿ ಎರಡನೆಯದಕ್ಕೆ ಬರುವಷ್ಟರಲ್ಲಿ ಆಕೆ ತಡೆದರು. "ಏಳ್ರಿ, ಏಳ್ರಿ. ನಾ ಒಬ್ಬಾಕಿ ಇರೂದು. ಎರಡೆರಡು ಪೆಟಿಗಿ ಯೋಕಾನ್ ಯಾರು ತಿನ್ನವ್ರು? ಕುಂತು ತಿಂದ ಹೋಗ್ರಿ." ಹಾಗಾಗಿ ನಾವು ತಂದ ಕ್ಷಮಾಪಣೆಯನ್ನು ನಾವೇ ತಿಂದೆವು. ನನ್ನ ಪಾಲಿಗೆ ನಾಲ್ಕು ತುಂಡು ಬಂತು.

ಗಂಡನ ಫೋಟೊಕ್ಕೆ ಊದುಬತ್ತಿ ಹಚ್ಚಿದೆವು. ದಪ್ಪ ಮನುಷ್ಯ, ನಗುಮುಖ. ಶಾಲೆಯಲ್ಲಿ ಇವರ ಹಿಂದಿನ ಬೆಂಚಿನಲ್ಲಿ ಕೂತು ಜಡೆ ಎಳೆಯುತ್ತಿದ್ದವರಂತೆ. ಆಗಸ್ಟಿನ ಸೆಕೆಯಲ್ಲೂ ಪಟ್ಟಿ ಬಿಚ್ಚುತ್ತಿರಲಿಲ್ಲವಂತೆ. ಮಗಳ ಮದುವೆಯ ಫೋಟೊದಲ್ಲಿ ಅಂಗಿಯ ಗುಂಡಿಗಳ ನಡುವೆ ಕಂದು ಇಣುಕುತ್ತಿರುವುದನ್ನು ತಂದು ತೋರಿಸಿದರು. ಹೇಳುತ್ತಾ ಹೇಳುತ್ತಾ ಆಕೆಯೇ ನಕ್ಕರು. ನನಗೆ ಅರ್ಥವಾಗಲಿಲ್ಲ. ಇಷ್ಟು ನಗುವ ಹೆಂಗಸು ನನ್ನ ಪೋಸ್ಟರಿಗೆ ಯಾಕೆ ನೊಂದರು ಎಂದು ಕೇಳಿಯೇಬಿಟ್ಟೆ. ಕೇಳಬಾರದಿತ್ತೇನೋ.

"ನಕ್ಕಿದ್ದಕ್ಕ ಸಿಟ್ಟಿಲ್ಲರಿ ನನಗ" ಅಂದರು. "ಆ ಹೊಟ್ಟಿ ನೋಡಿ ನಾ ನಕ್ಕಷ್ಟು ಯಾರೂ ನಕ್ಕಿಲ್ಲ. ಆದ್ರ ಹುಚ್ಚುಚ್ಚರ ಮಾತಾಡವ್ರು ನಮ್ಮವ್ರು, ಬಯ್ಯಾಕಿ ನಾನು. ಮೂವತ್ನಾಕು ವರ್ಷ ಮನಿ ನಡದಿದ್ದ ಹಂಗ. ನಿಮ್ಮ ಪೋಸ್ಟರಿನ್ಯಾಗ ಎಲ್ಲಾ ನೀವ ಹೇಳಿ, ನೀವ ಬಯ್ದು, ನೀವ ಅಪ್ಪಿಕೊಂಡು ಮುಗಿಸಿಬಿಟ್ಟೀರಿ. ನನಗೇನು ಉಳಿಸೀರಿ?"

ಯಜಮಾನರು ತಲೆ ತಗ್ಗಿಸಿಕೊಂಡೇ ಇದ್ದರು. ರೈಲಿನಲ್ಲಿ ವಾಪಸು ಬರುವಾಗ ನಾವಿಬ್ಬರೂ ನನ್ನ ಪೋಸ್ಟರಿನ ಅಡಿಯಲ್ಲೇ ನಿಂತಿದ್ದೆವು. ಬೇರೆ ಕಡೆ ಜಾಗವಿರಲಿಲ್ಲ.

ಡಿಸೆಂಬರ್ 3, ಬುಧವಾರ

ಹದಿನೇಳು ನಿಯಮಗಳ ಹಾಳೆ ಹುಡುಕಿದೆ, ಸಿಗಲಿಲ್ಲ. ಅದರ ಬದಲು ನವೆಂಬರ್ ಆರರ ಟಿಪ್ಪಣಿ ಸಿಕ್ಕಿತು. ಕಂದು, ಕಂದು, ಸ್ವಲ್ಪ ಬೇರೆ ಕಂದು. ಓದಿದೊಡನೆ ನನ್ನ ಬಾಯಿಂದ "ಅದು ಮೂರು ಹೇಗಾಯಿತು ಮಾರಾಯರೇ" ಎಂದು ಜೋರಾಗಿ ಹೊರಟಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಆಮೇಲೆ ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಾ ಕೂತೆ.

ಸಾಯೊಗೆ ಯೋಕಾನ್ ಕಥೆ ಹೇಳಿದೆ. ನಾವೇ ತಂದದ್ದನ್ನು ನಾವೇ ತಿಂದೆವು ಎಂದಾಗ ಆ ಕಡೆಯಿಂದ ಏನೋ ಸದ್ದು ಬಂತು. ಲೈನ್ ಸರಿಯಿಲ್ಲವೇನೋ. ಹನ್ನೊಂದು ನಿಮಿಷ.

ಡಿಸೆಂಬರ್ 5, ಶುಕ್ರವಾರ

ಹೊಸ ಪೋಸ್ಟರುಗಳನ್ನು ಯಜಮಾನರಿಗೆ ತೋರಿಸಿದೆ. ಚಿತ್ರವೇ ಇಲ್ಲ. ಬಿಳಿ ಹಾಳೆ, ಅದರ ಮೇಲೆ ಅವರ ಮಾತುಗಳೇ, ಅಕ್ಷರ ಬದಲಿಸದೆ. ಒಂದರಲ್ಲಿ ಮೂರು ಬಣ್ಣ. ಇನ್ನೊಂದರಲ್ಲಿ "ಅರವತ್ತೆರಡು ವರ್ಷಗಳಿಂದ ವಿನ್ಯಾಸ ಬದಲಾಗಿಲ್ಲ. ಬದಲಾಯಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ." ಮತ್ತೊಂದರಲ್ಲಿ "ಇದನ್ನು ತೊಟ್ಟು ಯಾರಾದರೂ ಚೆಂದ ಕಂಡ ದಾಖಲೆ ನಮ್ಮಲ್ಲಿಲ್ಲ." ಕೆಳಗೆ ಕಾರ್ಖಾನೆಯ ಹೆಸರು, ವಿಳಾಸ, ಬೇಕಾದಷ್ಟು ಖಾಲಿ ಜಾಗ.

ಯಜಮಾನರು ಕನ್ನಡಕ ಹಾಕಿ ಮೂರನ್ನೂ ಓದಿ ಗೊಂದಲಕ್ಕೆ ಬಿದ್ದರು. "ಇದರಾಗ ನಗೂದೇನೈತ್ರಿ? ಎಲ್ಲಾ ಖರೇನ ಐತಲ್ಲ." ನಿಜವನ್ನು ನಾವು ಹೇಳೋಣ, ಬಯ್ಯುವುದನ್ನು ಓದುವವರಿಗೆ ಬಿಡೋಣ ಎಂದೆ. ಒಪ್ಪಿಗೆಯ ಮುದ್ರೆ ಒತ್ತುವಾಗಲೂ ಅವರಿಗೆ ಅನುಮಾನವಿತ್ತು. ನನಗೂ ಇತ್ತು, ಆದರೆ ಈ ಸಲ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಡಿಸೆಂಬರ್ 19, ಶುಕ್ರವಾರ

ಸಂಜೆಯ ರೈಲು, ಕಾಲಿಡಲು ಜಾಗವಿಲ್ಲ. ಮೂರು ಬಣ್ಣದ ಪೋಸ್ಟರಿನ ಕೆಳಗೆ ಇಬ್ಬರು ಅಜ್ಜಿಯರು. ಒಬ್ಬಾಕೆ ಗಟ್ಟಿಯಾಗಿ ಓದಿ, ಪೋಸ್ಟರಿಗೇ ಹೇಳಿದಳು: "ಹಂಗಾರ ಮೂರನೇದ ತಗದು ತೋರಸ್ರಿ ನೋಡೂನು." ಕೋಟು ತೊಟ್ಟ ಗಂಡಸೊಬ್ಬ ಪತ್ರಿಕೆಯಿಂದ ಮುಖ ಎತ್ತದೆ, ಮೂರಲ್ಲ, ಒಂದೂವರೆ ಅನ್ನಬೇಕು ಅಂದ. ಶಾಲೆಯ ಹುಡುಗಿಯರು ಬೇರೆ ಕಂದು ಅಂದರೆ ತೊಳೆಯದೆ ಬಿಟ್ಟದ್ದಿರಬೇಕು ಅಂದರು. ಗುರುತು ಪರಿಚಯವಿಲ್ಲದವರೆಲ್ಲ ಸೇರಿ ಎರಡು ನಿಲ್ದಾಣಗಳ ತನಕ ನನ್ನ ಗಿರಾಕಿಯನ್ನು ಬಯ್ದರು. ನನಗೆ ಒಂದು ಬಗೆಯ ಹಿಗ್ಗಾಯಿತು. ಇಳಿಯುವ ನಿಲ್ದಾಣ ದಾಟಿಹೋಗಿತ್ತು.

ಡಿಸೆಂಬರ್ 24, ಬುಧವಾರ

ಕಾರ್ಖಾನೆಗೆ ಬಂದ ಬೈಗುಳದ ಅಂಚೆಕಾರ್ಡುಗಳು: ನಾನೂರ ಹನ್ನೆರಡು. ಬಂದ ಬೇಡಿಕೆ: ಅರವತ್ತೊಂದು.

ಯಾರೂ ಕೊಳ್ಳುತ್ತಿಲ್ಲ. ಬಯ್ದು, ಹಗುರಾಗಿ, ಮನೆಗೆ ಹೋಗುತ್ತಿದ್ದಾರೆ. ಇನುಕಾಯ್ ಅವರು ನಿಲ್ದಾಣದಲ್ಲಿ ನೂರು ಜನರನ್ನು ಕೇಳಿ ನೋಡಿದರು. ಎಂಬತ್ತೊಂದು ಮಂದಿಗೆ ಪೋಸ್ಟರ್ ನೆನಪಿದೆ. ಅದರಲ್ಲಿ ಇಪ್ಪತ್ತಾರು ಮಂದಿ ಅದು ಚಾಕೊಲೇಟಿನದು ಅಂದರು, ಒಂಬತ್ತು ಮಂದಿ ಸೋಯಾ ಸಾಸಿನದು ಅಂದರು. ಒಬ್ಬ ಬಣ್ಣದಂಗಡಿಯದು ಅಂದ, ಅವನಿಗೆ ಮೂರು ಬಣ್ಣ ಕಡಿಮೆ ಅನಿಸಿತಂತೆ.

ನಗು ನೆನಪಿದೆ, ಹೊಟ್ಟೆಪಟ್ಟಿ ಮರೆತಿದೆ. ಇನ್ನುಳಿದಿರುವುದು ಐದು ವಾರ. ಚಳಿ ಶುರುವಾದಾಗಿನಿಂದ ಅಂಗಡಿಗಳಲ್ಲಿ ಮಾಮೂಲಾಗಿ ಮಾರಿದ್ದನ್ನೆಲ್ಲ ಕಳೆದರೂ ಹೋಗಬೇಕಾದದ್ದು ಎರಡು ಸಾವಿರದ ಮುನ್ನೂರು. ವಿಮೆಯವರ ಕೆಲಸವೇ ವಾಸಿ, ಜನರನ್ನು ಹೆದರಿಸಿದರೆ ಸಾಕು.

ಯಜಮಾನರು ಒಂದೊಂದು ಕಾರ್ಡಿಗೂ ಕೈಯಾರೆ ಉತ್ತರ ಬರೆಯುತ್ತಿದ್ದಾರೆ. ಒಂದೂವರೆ ಬಣ್ಣ ಎಂದು ಕಾರ್ಡು ಬರೆದವನಿಗೆ, ತಾವು ಹೇಳಿದ್ದನ್ನು ಬೆಳಕಿನಲ್ಲಿ ಹಿಡಿದು ಪರೀಕ್ಷಿಸಿದೆ, ತಮ್ಮ ಲೆಕ್ಕವೇ ಹೆಚ್ಚು ಸರಿ ಎಂದು ಬರೆದಿದ್ದರು. ಇಂಥ ಮನುಷ್ಯನ ಯಂತ್ರಗಳು ಗುಜರಿಗೆ ಹೋಗುವುದನ್ನು ನೋಡುವ ಮನಸ್ಸು ನನಗಿಲ್ಲ. ಬರೆದಿಟ್ಟಿದ್ದೇನೆ, ಇರಲಿ.

ಡಿಸೆಂಬರ್ 26, ಶುಕ್ರವಾರ

ಮಿನೊಬೆ ಅವರ ಕಾರ್ಡು ಬಂದಿದೆ. "ಕಂದು, ಕಂದು, ಸ್ವಲ್ಪ ಬೇರೆ ಕಂದು. ನಾಚಿಕೆಯಾಗಬೇಕು ನಿಮಗೆ. ಫೆಬ್ರವರಿ ಹನ್ನೊಂದಕ್ಕೆ ನಮ್ಮ ಮನೆಯಲ್ಲಿ ಅರವತ್ತು ತುಂಬುವ ಹಬ್ಬ. ಕೆಂಪು ಪಟ್ಟಿ ಒಂದು ಬೇಕು."

ಅರವತ್ತು ತುಂಬಿದವರಿಗೆ ಕೆಂಪು ತೊಡಿಸುವುದು ಯಾರಿಗೆ ಗೊತ್ತಿಲ್ಲ? ಆ ಫೋಟೊದಲ್ಲಿದ್ದ ಮನುಷ್ಯ ಐವತ್ತೊಂಬತ್ತಕ್ಕೇ ಹೋಗಿಬಿಟ್ಟರು. ಫೋಟೊದ ಮುಂದೆ ಇಡಲು ಬೇಕಿರಬೇಕು.

ಆದರೆ ಯಜಮಾನರು ಆಗುವುದಿಲ್ಲ ಅಂದರು. ಕೆಂಪು ದಾರ ಏರಿಸಿದರೆ ಯಂತ್ರವನ್ನು ಎರಡು ದಿನ ತೊಳೆಯಬೇಕು, ಇಲ್ಲದಿದ್ದರೆ ಆಮೇಲೆ ಬರುವ ಕಂದೆಲ್ಲ ಕೆಂಪಗಾಗುತ್ತದೆ. ಬಣ್ಣ ಹಾಕುವವರು ಇಪ್ಪತ್ತು ಕಿಲೊಗೆ ಕಡಿಮೆ ಕೊಡುವುದಿಲ್ಲ. ತಂದೆಯ ಕಾಲದಿಂದ ಇಲ್ಲಿ ಕಂದಲ್ಲದೆ ಬೇರೆ ದಾರ ಒಳಗೆ ಬಂದಿಲ್ಲ. ನಾನು ವಾದಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ಗಿರಾಕಿಯೊಂದಿಗೆ ವಾದಿಸಿದ್ದು ಇದೇ ಮೊದಲು. ಕೊನೆಗೆ ನೀವು ಕಂದಿನ ಒಳಗೇ ಹುಟ್ಟಿ ಕಂದಿನ ಒಳಗೇ ಕೂತವರು ಎಂದುಬಿಟ್ಟೆ. ಯಜಮಾನರು "ಹೌದ್ರಿ, ಬೆಚ್ಚಗೈತಿ" ಅಂದರು.

ಜನವರಿ 2, ಶುಕ್ರವಾರ

ಟೋಕಿಯೊ. ಹೊಸ ವರ್ಷಕ್ಕೆ ಮನೆಗೆ ಬಂದಿದ್ದೇನೆ. ಸಾಯೊ ಸಾರಿಗೆ ಉಪ್ಪು ಸಾಕೇ ಎಂದಳು. ಸಾಕು, ಸಮುದ್ರಕ್ಕೂ ಸ್ವಲ್ಪ ಉಳಿಸು ಎಂದೆ. ಹೇಳಿ ಸುಮ್ಮನೆ ಅವಳ ಮುಖ ನೋಡುತ್ತಿದ್ದೆ.

"ಏನ್ ನೋಡ್ತಿದೀರ? ಈ ಸಲ ಬಂದಾಗಿಂದ ಗಮನಿಸ್ತಿದೀನಿ. ಏನೋ ಒಂದು ಹೇಳ್ತೀರ, ಆಮೇಲೆ ಕಾಯ್ತಾ ನಿಲ್ತೀರ."

ಬಯ್ಯಲಿ ಎಂದು ಕಾಯುತ್ತಿದ್ದೆ ಎಂದೆ. ಬಯ್ದಳು. ಇಪ್ಪತ್ತು ವರ್ಷದ ಬಾಕಿ ಇತ್ತೇನೋ, ಸಾರು ಆರುವ ತನಕ ಬಯ್ದಳು. ಟೀವಿ ಹಾಕುವುದನ್ನು ಇಬ್ಬರೂ ಮರೆತೆವು.

ಜನವರಿ 6, ಮಂಗಳವಾರ

ಕೆಲಸ ಶುರು. ತರಕಾರಿ ಅಂಗಡಿಯಲ್ಲಿ ಈರುಳ್ಳಿಗೆ ಐವತ್ತು ಲಕ್ಷ ಕೊಟ್ಟು ಚಿಲ್ಲರೆ ಕೇಳಿದೆ. ಬೆಳಿಗ್ಗೆ ಬೆಳಿಗ್ಗೆ ಇಷ್ಟು ದೊಡ್ಡ ನೋಟು ತಂದರೆ ಬಡವರು ಏನು ಮಾಡಬೇಕೆಂದು ಅಂಗಡಿಯಾಕೆ ರೇಗಿದಳು. ಒಂದು ನಿಂಬೆಹಣ್ಣು ಪುಕ್ಕಟೆ ಹಾಕಿದಳು.

ಕಾರ್ಖಾನೆಯಲ್ಲಿ ಯಜಮಾನರು ನನ್ನನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿದರು. ಕಾಗದದ ಪೊಟ್ಟಣ ಬಿಚ್ಚಿದರು. ಕೆಂಪು ಹೊಟ್ಟೆಪಟ್ಟಿ. ಎಷ್ಟು ಕೆಂಪೆಂದರೆ ಆ ಕೋಣೆಯಲ್ಲಿ ಅದಕ್ಕೆ ಮುಖ ಕೊಟ್ಟು ನಿಲ್ಲಲು ನನಗೇ ಸಂಕೋಚವಾಯಿತು. ಹೊಸ ವರ್ಷದ ರಜೆಯಲ್ಲಿ ಒಬ್ಬರೇ ಬಂದು, ಹಲ್ಲುಜ್ಜುವ ಬ್ರಷ್ಷಿನಲ್ಲಿ ಯಂತ್ರ ಉಜ್ಜಿ, ಹೆಣೆದರಂತೆ. ಹಳೆಯ ಗಿರಾಕಿಗಳ ಚೀಟಿಪೆಟ್ಟಿಗೆ ಹುಡುಕಿ ಮಿನೊಬೆಯವರ ಅಳತೆ ತೆಗೆದರಂತೆ, ಎಲ್ಲಕ್ಕಿಂತ ದೊಡ್ಡದು. ಅಂಚು ನೋಡ್ರಿ ಅಂದರು. ನೋಡಿದೆ. ಮುತುವರ್ಜಿಯ ಕೆಲಸ.

ಈಗ ಹತ್ತೊಂಬತ್ತು ಕಿಲೊ ಮುಕ್ಕಾಲು ಕೆಂಪು ದಾರ ಉಳಿದಿದೆ. ಅದಕ್ಕಿಂತ ಅವರನ್ನು ಕಾಡುತ್ತಿರುವುದು ಬೇರೆ. ಅರವತ್ತೆರಡು ವರ್ಷ ಕಂದನ್ನೇ ನಂಬಿಕೊಂಡು ಬಂದ ಗಿರಾಕಿಗಳಿಗೆ ಹೇಳದೆ ಕೆಂಪು ಮಾಡಿದ್ದೇನೆ, ದೊಡ್ಡ ಸಂಸ್ಥೆಗಳು ತಪ್ಪಾದಾಗ ಮಾಡುವಂತೆ ಪತ್ರಿಕೆಯಲ್ಲಿ ಕ್ಷಮಾಪಣೆ ಕೊಡಬೇಕು, ಅದನ್ನು ನೀವೇ ಬರೆಯಿರಿ ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ನಾನು ಪೆನ್ನು ತೆಗೆದು, ನೀವು ಹೇಳುತ್ತಾ ಹೋಗಿ, ನಾನು 'ನೆಮ್ಮದಿ' ಸೇರಿಸುವುದಿಲ್ಲ ಎಂದೆ.

ಜನವರಿ 13, ಮಂಗಳವಾರ

ಬೆಳಗಿನ ಪತ್ರಿಕೆಯಲ್ಲಿ ಬಂದಿದೆ. ಕಪ್ಪು ಚೌಕಟ್ಟು, ಸಣ್ಣ ಅಕ್ಷರ. ಇಲ್ಲಿ ಅಂಟಿಸುವ ಬದಲು ಬರೆದುಕೊಳ್ಳುತ್ತೇನೆ, ಬರೆಯುವುದಕ್ಕೇ ಚೆನ್ನಾಗಿದೆ:

"ಕ್ಷಮಾಪಣೆ. ನಮ್ಮ ಕಾರ್ಖಾನೆಯು ಅರವತ್ತೆರಡು ವರ್ಷಗಳಿಂದ ಕಂದು ಹೊಟ್ಟೆಪಟ್ಟಿಯನ್ನೇ ಹೆಣೆಯುತ್ತಾ ಬಂದಿರುತ್ತದೆ. ಈ ಸಲ ಗಿರಾಕಿಯೊಬ್ಬರ ಮನೆಯ ಅರವತ್ತರ ನಿಮಿತ್ತ ಕೆಂಪು ಹೆಣೆದಿರುತ್ತೇವೆ. ಕಂದನ್ನು ನಂಬಿದ್ದ ತಮಗೆ ಆಗಿರಬಹುದಾದ ಗಾಬರಿಗೆ ತಲೆಬಾಗಿ ವಿಷಾದಿಸುತ್ತೇವೆ. ತನಿಖೆಯಲ್ಲಿ ತಿಳಿದುಬಂದ ಕಾರಣ: ಗಿರಾಕಿ ಹೇಳಿದ್ದು ನ್ಯಾಯವಾಗಿತ್ತು. ಕೆಂಪು ದಾರ ಉಳಿದಿದೆ. ಈ ವರ್ಷ ಅರವತ್ತು ತುಂಬುವವರು ಮನೆಯಲ್ಲಿದ್ದರೆ ತಿಳಿಸಿರಿ, ಹೆಣೆದು ಕಳಿಸುತ್ತೇವೆ. ಮತ್ತೊಮ್ಮೆ ಹೀಗಾಗದಂತೆ ಎಚ್ಚರ ವಹಿಸುತ್ತೇವೆ. ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೊಳ್ಳಬೇಕು. ತೊಮೊಬುಚಿ ಹೆಣಿಗೆ ಕಾರ್ಖಾನೆ, ಯಜಮಾನ ಹಾಗೂ ಹನ್ನೊಂದು ಮಂದಿ."

ಇನುಕಾಯ್ ಅವರು ಓದಿ ಮೇಜಿನ ಮೇಲೆ ತಲೆ ಇಟ್ಟರು. ಮೈ ಸರಿಯಿಲ್ಲವೇನೋ ಎಂದು ನೀರು ತಂದೆ. ಭುಜ ಕುಣಿಯುತ್ತಿತ್ತು. ಕೊನೆಗೆ ಕಣ್ಣೊರೆಸಿಕೊಂಡು, ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನಲ್ಲ, ನಾನು ಅಕ್ಷರ ಮಾತ್ರ ಬರೆದೆ ಎಂದೆ. "ಈಗ ಕಲತ್ರಿ ನೋಡ್ರಿ" ಅಂದರು. ಏನು ಕಲಿತೆ ಎಂದು ಹೇಳಲಿಲ್ಲ.

ಜನವರಿ 16, ಶುಕ್ರವಾರ

ಕಾರ್ಖಾನೆಯಲ್ಲಿ ಫೋನ್ ಒಂದೇ ಇರುವುದು. ಬೆಳಿಗ್ಗೆಯಿಂದ ನಾನೇ ಎತ್ತುತ್ತಿದ್ದೇನೆ. ಎಲ್ಲರೂ ಮೊದಲು ಬಯ್ಯುತ್ತಾರೆ. ತನಿಖೆ ನಡೆಸಿದ್ದು ಯಾರು, ತಪ್ಪಿತಸ್ಥನ ಮೇಲೆ ಏನು ಕ್ರಮ ಕೈಗೊಂಡಿರಿ, ಹೀಗೆ ಬಿಟ್ಟರೆ ನಾಳೆ ನೀಲಿ ಮಾಡುತ್ತೀರಿ. ಆಮೇಲೆ ದನಿ ಇಳಿಸಿ, ನಮ್ಮಣ್ಣನಿಗೆ ಅರವತ್ತು ರೀ, ದೊಡ್ಡ ಅಳತೆಯದು ಸಿಗುತ್ತದೆಯೇ ಎನ್ನುತ್ತಾರೆ. ಇದನ್ನು ಚಾಕೊಲೇಟು ಎಂದುಕೊಂಡವರು ಒಬ್ಬರೂ ಇಲ್ಲ.

ಸಂಜೆಗೆ ಕೆಂಪು ದಾರ ಮುಗಿಯಿತು. ಯಜಮಾನರು ಇನ್ನೂ ನೂರು ಕಿಲೊಗೆ ಹೇಳಿ ಕಳಿಸಿ, ಇದು ಎಚ್ಚರ ವಹಿಸಿದ ಹಾಗಾಗುತ್ತದೆಯೇ ಎಂದು ನನ್ನನ್ನು ಕೇಳಿದರು. ಇನ್ನೊಮ್ಮೆ ಕ್ಷಮೆ ಕೇಳೋಣ ಎಂದೆ. ಅವರು ಅದನ್ನೂ ಬರೆದುಕೊಂಡರು.

ಜನವರಿ 20, ಮಂಗಳವಾರ

1,940.

ಜನವರಿ 24, ಶನಿವಾರ

2,515. ಗಂಟಲು ಕಟ್ಟಿದೆ. ಸಾಯೊ ಫೋನಿನಲ್ಲಿ, "ಏನಂದ್ರಿ? ಈಗ 'ಹೌದ್ರಿ' ಅಂದ್ರಾ ನನಗೆ?" ಅಂದಳು. ಅಂದಿಲ್ಲ ಎಂದೆ. ನಲವತ್ತು ನಿಮಿಷ.

ಜನವರಿ 29, ಗುರುವಾರ

ಮಧ್ಯಾಹ್ನ ಎರಡೂವರೆಗೆ ಮೂರು ಸಾವಿರ ದಾಟಿತು. ನಾನು ಸಂಖ್ಯೆಯನ್ನು ಕೂಗಿ ಹೇಳಿದೆ. ಯಂತ್ರಗಳ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಒಬ್ಬೊಬ್ಬರ ಬಳಿಗೂ ಹೋಗಿ ಕಿವಿಯಲ್ಲಿ ಹೇಳಬೇಕಾಯಿತು. ಎಲ್ಲರಿಗಿಂತ ಹಿರಿಯರಾದ ಕಾಜಿತಾನಿ ಅಮ್ಮನಿಗೆ ಎಪ್ಪತ್ತಾರು. ಕೇಳಿಸಿಕೊಂಡು ಯಂತ್ರ ನಿಲ್ಲಿಸದೆಯೇ ಯಜಮಾನರ ಕಡೆ ತಿರುಗಿ, "ಇನ್ನೂ ಎಷ್ಟು ವರ್ಷ ದುಡಸ್ತೀರಿ ನಮ್ಮನ್ನ?" ಎಂದು ಗದರಿದರು. ಯಜಮಾನರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನನಗೆ ಬಹಳ ಸಂತೋಷವಾಗಿದೆ.

ಫೆಬ್ರವರಿ 11, ಬುಧವಾರ

ರಜೆಯ ದಿನ. ಮಿನೊಬೆ ಅವರ ಮನೆಗೆ ಹೋಗಿದ್ದೆವು. ಮೊದಲೇ ಅಂಚೆಯಲ್ಲಿ ಕಳಿಸಬಹುದಿತ್ತು. ಅರವತ್ತರ ಉಡುಗೊರೆಯನ್ನು ಅದೇ ದಿನ ಕೈಯಲ್ಲೇ ಕೊಡಬೇಕೆಂದು ಯಜಮಾನರು ಪಟ್ಟು ಹಿಡಿದಿದ್ದರು. ಸಾವಾದ ಮನೆ ಎಂದು ಇಬ್ಬರೂ ಕಪ್ಪು ಸೂಟು ಹಾಕಿಕೊಂಡಿದ್ದೆವು.

ಆಕೆ ತಲೆಗೂದಲು ಸಿಂಗರಿಸಿಕೊಂಡಿದ್ದರು. ಮೇಜಿನ ಮೇಲೆ ಶುಭದಿನಕ್ಕೆ ಮಾಡುವ ಕೆಂಪು ಅಲಸಂದೆಯ ಅನ್ನ, ಮೂವರಿಗೆ ಬಡಿಸಿಟ್ಟಿತ್ತು. ಗಂಡನಿಗಾಗಿ ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದಾರೆ ಅಂದುಕೊಂಡೆ. ನಾವು ನೇರ ಫೋಟೊದ ಮುಂದೆ ಹೋಗಿ ಮೊಣಕಾಲೂರಿ ಕೂತೆವು. ಊದುಬತ್ತಿ ಹಚ್ಚಿದೆವು. ಯಜಮಾನರು ಪೊಟ್ಟಣ ಬಿಚ್ಚಿ, ಕೆಂಪು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಫೋಟೊದ ಮುಂದಿಟ್ಟರು. ಅರವತ್ತು ತುಂಬಿತು, ಶುಭವಾಗಲಿ ಅಂದರು. ಬಹಳ ಹೊತ್ತು ಕಣ್ಣು ಮುಚ್ಚಿ ಕೈ ಮುಗಿದು ಕೂತೆವು.

"ಯಾರಿಗ್ರಿ ಅದು?" ಹಿಂದಿನಿಂದ ಆಕೆಯ ದನಿ.

ಇಬ್ಬರೂ ತಿರುಗಿದೆವು.

"ಸತ್ತವ್ರ ಹೊಟ್ಟಿ ತಣ್ಣಗಾಗತೈತೇನು? ಅರವತ್ತು ನನಗ ತುಂಬೇದ. ಹುಟ್ಟಿದ ಹಬ್ಬ ನಂದು, ಅನ್ನ ಮಾಡಿದಾಕಿ ನಾನು, ಪಟ್ಟಿ ಬೇಕಂತ ಬರದಾಕಿ ನಾನು. ನೀವು ಬಂದು ಅವ್ರಿಗೆ ಕೈ ಮುಗದು ಕುಂತೀರಿ."

ಜೀವನದಲ್ಲಿ ಇಷ್ಟು ಚೆನ್ನಾಗಿ ಯಾರಿಂದಲೂ ಬಯ್ಯಿಸಿಕೊಂಡಿಲ್ಲ. ಒಂದೇ ತರಗತಿಯಲ್ಲಿ ಓದಿದವರು ಎಂದು ಆಕೆ ಡಿಸೆಂಬರಿನಲ್ಲೇ ಹೇಳಿದ್ದರು. ಒಂದೇ ತರಗತಿಯವರಿಗೆ ಒಂದೇ ವರ್ಷ ಅರವತ್ತು ತುಂಬುತ್ತದೆ ಎನ್ನುವುದು ಎಪ್ಪತ್ತೊಂದು ವರ್ಷದ ಯಜಮಾನರಿಗೂ ಹೊಳೆಯಲಿಲ್ಲ, ಪದ ಲೆಕ್ಕ ಮಾಡಿ ಹೊಟ್ಟೆ ಹೊರೆಯುವ ನನಗೂ ಹೊಳೆಯಲಿಲ್ಲ.

ಆಕೆ ಪಟ್ಟಿಯನ್ನು ಎತ್ತಿಕೊಂಡು ಸ್ವೆಟರಿನ ಮೇಲೇ ತಲೆಯಿಂದ ಇಳಿಸಿಕೊಂಡರು. ಅದು ಎದೆಯಲ್ಲಿ ನಿಲ್ಲಲಿಲ್ಲ, ಸೊಂಟದಲ್ಲಿ ನಿಲ್ಲಲಿಲ್ಲ, ನೇರ ಪಾದದ ಸುತ್ತ ಬಿತ್ತು. ಚೀಟಿಪೆಟ್ಟಿಗೆಯಿಂದ ತೆಗೆದ ಗಂಡನ ಅಳತೆ. ಯಜಮಾನರು ಚಾಪೆಗೆ ಹಣೆ ಹಚ್ಚಿ, ನಾಳೆ ಸಂಜೆಯೊಳಗೆ ಸರಿಯಾದ ಅಳತೆಯಲ್ಲಿ ಹೆಣೆದು ತರುತ್ತೇನೆ, ಇದನ್ನು ಬಿಚ್ಚಿ ಕೊಡಿ ಎಂದು ಬೇಡಿಕೊಂಡರು.

ಆಕೆ ಬಗ್ಗಿ ಅದನ್ನು ಎರಡೂ ಕೈಯಿಂದ ಹೊಟ್ಟೆಯ ತನಕ ಎಳೆದುಕೊಂಡರು. ಮುಂದಿನ ಸಡಿಲನ್ನು ಹಿಡಿದು ಜಗ್ಗಿ ನೋಡಿದರು. ಒಂದು ಮೊಳ ಬಂತು. ಆಮೇಲೆ ಫೋಟೊದ ಕಡೆ ನೋಡಿದರು.

"ಬ್ಯಾಡ ಬಿಡ್ರಿ" ಅಂದರು. "ಅವ್ರಿಗೂ ಜಾಗ ಐತಿ."

ಇಂಥ ಮಾತಿಗೆ ಈ ಊರಿನಲ್ಲಿ ಯಾರಾದರೂ ತಿರುಗಿ ಬಯ್ಯಬೇಕು, ಅಷ್ಟು ಕಲಿತಿದ್ದೇನೆ. ಯಜಮಾನರ ಹಣೆ ಇನ್ನೂ ಚಾಪೆಯ ಮೇಲಿತ್ತು. ಸರದಿ ನನ್ನದೇ ಆಗಿತ್ತು. ಬಾಯಿ ತೆರೆದೆ. ಒಂದಕ್ಷರವೂ ಹೊರಡಲಿಲ್ಲ.